ನೂರ ನಲವತ್ತೊಂದನೆಯದು

೩ ಫೆಬ್ರವರಿ ೧೯೯೭, ಸೋಮವಾರ. ಸೋಲಾಪುರ, ಕಾಲೇಜಿನ ಲ್ಯಾಬು, ಮಧ್ಯಾಹ್ನ ೩

ಈಪ್ರಾಮ್ ಅಳಿಸಲು ಇಟ್ಟಿದ್ದೇನೆ. ನೇರಳೆ ದೀಪದ ಡಬ್ಬಿಯಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಚಿಪ್‌ನಲ್ಲಿ ಬರೆದದ್ದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಬರೆಯಬಹುದು. ಇವತ್ತು ಇದು ಐದನೇ ಸಲ. ಪ್ರೋಗ್ರಾಮಿನಲ್ಲಿ ಒಂದೇ ಒಂದು ಜಂಪ್ ಆಜ್ಞೆ ತಪ್ಪಿತ್ತು, ಹಾಳಾದ್ದು. ಇಪ್ಪತ್ತು ನಿಮಿಷ ಏನು ಮಾಡಲಿ? ಅದಕ್ಕೇ ಈ ಡೈರಿ.

ಕನ್ನಡದಲ್ಲೇ ಬರೆಯುವುದು. ತಮ್ಮ ಆಶಿಷ ಮರಾಠಿ ಸಾಲಿಯಲ್ಲಿ ಕಲಿತವನು. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದು ಅಂದರೆ ಕಣ್ಣು ಕಣ್ಣು ಬಿಡುತ್ತಾನೆ. ನನ್ನನ್ನು ಮಾತ್ರ ಆಜಿ ಹಟ ಮಾಡಿ ಅಕ್ಕಲಕೋಟದ ಕನ್ನಡ ಸಾಲಿಗೆ ನಾಲ್ಕು ವರ್ಷ ಕಳಿಸಿದ್ದಳು. ಡೈರಿಗೆ ಬೀಗ ಬೇಕಿಲ್ಲ.

ಬೆಳಿಗ್ಗೆ ಗೈಡು ಶಾಂತಲಿಂಗಪ್ಪ ಸರ್ ಬಂದು ಬೆಂಚಿನ ಹತ್ತಿರ ನಿಂತರು. ನಾನು ಎರಡು ಬೆಳಕಿನ ಗೆರೆಗಳ ನಡುವೆ ಕೈ ಆಡಿಸಿ ಎಣಿಸುತ್ತಿದ್ದೆ. ಕಣ್ಣಿಗೆ ಕಾಣದ ಬೆಳಕು. ಯಾವ ಗೆರೆ ಮೊದಲು ಕಡಿಯಿತು ಎಂಬುದರ ಮೇಲೆ ಒಳಗೆ ಹೋಯಿತೋ ಹೊರಗೆ ಬಂತೋ ಮಷೀನಿಗೆ ತಿಳಿಯುತ್ತದೆ. ಕೆಂಪು ಅಂಕಿ ಏರುತ್ತದೆ.

"ಗಾರ್ಗಿ, ಕೈ ಆಡಿಸಿ ಎಣಿಸಿದ್ದು ಸಾಕು ಈಗ. ಫೀಲ್ಡ್ ಡೇಟಾ ಬೇಕು. ಮೂವತ್ತು ರೀಡಿಂಗ್. ಮಷೀನ್ ಎಣಿಕಿ ಒಂದು ಕಡಿ, ಖರೇ ಎಣಿಕಿ ಒಂದು ಕಡಿ. ಎರಡೂ ತಾಳೆ ಆಗಬೇಕು. ಅಷ್ಟ ನಿನ್ನ ಎಂ.ಇ."

ಅಷ್ಟೇ ನನ್ನ ಎಂ.ಇ.! ಮಾರ್ಚ್ ೩೧ಕ್ಕೆ ಸಬ್ಮಿಷನ್. ತಪ್ಪಿದರೆ ಆರು ತಿಂಗಳು ಮುಂದೆ. ಏಪ್ರಿಲ್ ೧೦ಕ್ಕೆ ಪಾಲಿಟೆಕ್ನಿಕ್‌ನಲ್ಲಿ ಲೆಕ್ಚರರ್ ಇಂಟರ್‌ವ್ಯೂ, ಸಬ್ಮಿಷನ್ ಪತ್ರ ಇಲ್ಲದೆ ಒಳಗೇ ಬಿಡುವುದಿಲ್ಲ. ಪ್ರಬಂಧದ ಹೆಸರು ದೊಡ್ಡದು — ಮೈಕ್ರೊಕಂಟ್ರೋಲರ್ ಆಧಾರಿತ ಪಶು ಗಣನೆ ವ್ಯವಸ್ಥೆ. ಆಜಿ ಬಾಯಲ್ಲಿ ಅದು 'ಕುರಿ ಎಣಸೂ ಪೆಟ್ಟಿಗಿ'.

೯ ಫೆಬ್ರವರಿ, ರವಿವಾರ. ಅಕ್ಕಲಕೋಟ, ಮನೆ

ಅಪ್ಪನ ಜೊತೆ ಚಪಳಗಾಂವಕ್ಕೆ ಹೋಗಿ ಬಂದೆ. ಅಪ್ಪ ಇಲ್ಲಿನ ದನದ ದವಾಖಾನೆಯಲ್ಲಿ ಕ್ಲಾರ್ಕು. ಲಸಿಕೆಗೆ ಕುರಿ ಹೊಡೆದುಕೊಂಡು ಬರುವವರೆಲ್ಲ ಪರಿಚಯ. ಅವರಲ್ಲಿ ಖಂಡಪ್ಪ ಕಾಕಾ ಹಳೇ ಸ್ನೇಹ. ಹಟ್ಟಿ ಊರ ಹೊರಗೆ, ಹನ್ನೂರ ದಾರಿಗೆ. ಸುತ್ತ ಜಾಲಿಮುಳ್ಳಿನ ಬೇಲಿ. ಕಾಕಾ ಕಂಬಳಿ ಹಾಸಿ ಕೂರಿಸಿದ. ಅವನ ಹೆಂಡತಿ ಸುಗಲಾಬಾಯಿ ಮಾವಶಿ ಚಹಾ ತಂದಳು.

ಚಹಾ ತುಟಿಗೆ ಹಚ್ಚುವ ಮೊದಲೇ ಕೇಳಿಬಿಟ್ಟೆ. "ಕಾಕಾ, ಒಟ್ಟ ಎಷ್ಟ ಕುರಿ ಅದಾವರಿ?"

ಅಪ್ಪ ಬೇರೆ ಕಡೆ ನೋಡಿದರು.

"ಬೀರೋಬಾ ದೇವರ ಕೊಟ್ಟಷ್ಟು ಅದಾವ, ತಂಗಿ," ಅಂದ ಕಾಕಾ.

"ಅಂದ್ರ ಎಷ್ಟರಿ? ನೂರು? ನೂರಾ ಐವತ್ತು?"

"ಏ ಹುಡುಗಿ, ಬಾಯಿ ಮುಚ್ಚು!" ಮಾವಶಿ ಎದ್ದೇ ನಿಂತಳು. "ಎಣಿಸಿದ ಹಿಂಡ ಉಳಿಯಾಂಗಿಲ್ಲ. ಅಷ್ಟೂ ಗೊತ್ತಿಲ್ಲೇನು ನಿನಗ?"

ಗೊತ್ತಿರಲಿಲ್ಲ. ಎರಡು ವರ್ಷ ಕುರಿ ಎಣಿಸುವ ಯಂತ್ರ ಮಾಡಿದ್ದೇನೆ, ಒಬ್ಬ ಕುರಿಗಾರನನ್ನೂ ಒಂದು ಮಾತು ಕೇಳಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ಮತ್ತ ಒಂದು ಕಡಿಮಿ ಆದ್ರ ಹೆಂಗ ಗೊತ್ತಾಗತದರಿ?" — ಅದನ್ನೂ ಕೇಳಿದೆ. ಸುಮ್ಮನಿರುವ ಜಾಯಮಾನ ನನ್ನದಲ್ಲ.

ಕಾಕಾ ನಕ್ಕ. "ನಿಮ್ಮ ಮನ್ಯಾಗ ಊಟಕ್ಕ ಕುಂತಾಗ ಮಂದಿ ಎಣಸ್ತೀರೇನು? ಯಾರ ಬಂದಿಲ್ಲ ಅಂತ ಗೊತ್ತಾಗೂದಿಲ್ಲ?"

ಅಪ್ಪ ಮೆತ್ತಗೆ ನನ್ನ ಪರೀಕ್ಷೆಯ ವಿಷಯ ಹೇಳಿದರು. ಮಾವಶಿ ಆಗಲೇ ಆಗದು ಅಂತ ತಲೆ ಅಲ್ಲಾಡಿಸಿದಳು. ಎಣಿಸಿದರೆ ದೃಷ್ಟಿ ತಾಗುತ್ತದೆ ಅನ್ನುವುದು ಅವಳ ವಾದ. ಕಾಕಾ ಗಡ್ಡ ಕೆರೆದುಕೊಂಡು ಹೇಳಿದ, "ದೃಷ್ಟಿ ಹೊಟ್ಟಿಕಿಚ್ಚಿನ್ಯಾಗಿಂದ ಬರತದ. ಮಷೀನಿಗಿ ಹೊಟ್ಟಿನ ಇಲ್ಲ. ಎಣಸ್ಲಿ ಬಿಡು, ಪಾಪ. ಪಂಢರಿನಾಥರಾಯರ ಮಗಳು."

ಮಾವಶಿ ಒಪ್ಪಿದಳು, ಷರತ್ತಿನ ಮೇಲೆ. ಪೆಟ್ಟಿಗೆ ಬೇಲಿಯ ಒಳಮೈಗೆ ಇರಬೇಕು, ದಾರಿಹೋಕರ ಕಣ್ಣಿಗೆ ಬೀಳಬಾರದು. ಮೇಲೆ ಬಟ್ಟೆ ಹೊದಿಸಬೇಕು. ಅಂಕಿ ಯಾರ ಬಾಯಿಂದಲೂ ಬರಬಾರದು. ಬರೆದರೆ ಪರವಾಗಿಲ್ಲವಂತೆ. ಬರೆದದ್ದು ಅವಳಿಗೆ ಓದಲು ಬಾರದು.

೧೨ ಫೆಬ್ರವರಿ, ಬುಧವಾರ

ಹಟ್ಟಿಯಲ್ಲಿ ಕೂರಿಸಿ ಬಂದೆ. ಬೇಲಿಯಲ್ಲಿ ಒಂದೇ ಕುರಿ ಹಿಡಿಯುವಷ್ಟು ಸಂದಿ ಇದೆ, ಅದೇ ಬಾಗಿಲು. ಆಚೆ ಈಚೆ ಗೂಟ ಹುಗಿದು ಬೆಳಕಿನ ಗೆರೆ ಕಟ್ಟಿದೆ. ಪೆಟ್ಟಿಗೆ ಒಳಮೈಗೆ. ಬೇಲಿ ಹೊರಗೆ ಒಂದು ದೊಡ್ಡ ಕಲ್ಲಿದೆ. ಅದರ ಮೇಲೆ ಹತ್ತಿ ಒಳಗೆ ಬಗ್ಗಿದರೆ ಕೈಗೆ ಸಿಗುತ್ತದೆ. ಮುಂಜಾನೆ ಮಾವಶಿ ಕಲ್ಲಿನ ಮೇಲಿಂದಲೇ ಬಗ್ಗಿ ಸ್ವಿಚ್ ಹಾಕಬೇಕು, ಸಂಜೆ ನಾನು ಓದಿ ಆರಿಸಬೇಕು. ಹೋದದ್ದು ಎಷ್ಟು, ಬಂದದ್ದು ಎಷ್ಟು, ಎರಡೂ ಅಂಕಿ ಇರುತ್ತವೆ. ಆರಿಸಿದರೆ ಎರಡೂ ಅಳಿಸಿಹೋಗುತ್ತವೆ.

ಒಂದು ನಿಯಮ ಮಾಡಿದೆ. ಮಷೀನ್ ಹಚ್ಚಿದಾಗ ಮನುಷ್ಯರು ಯಾರೂ ಸಂದಿಯಲ್ಲಿ ದಾಟಬಾರದು. ಆ ಕಡೆ ಬೇಲಿ ತಗ್ಗು ಇದೆ, ಅಲ್ಲಿಂದ ಹೋಗಬೇಕು. ಮೊದಲ ದಿನವೇ ಮಾವಶಿ ಮರಿಗಳಿಗೆ ಸೊಪ್ಪು ಹಿಡಿದುಕೊಂಡು ಸಂದಿಯಲ್ಲೇ ನುಗ್ಗಿದಳು. ಅಂಕಿ ಒಂದು ಏರಿತು.

"ಮಾವಶಿ! ನೀವೇನ ಕುರಿ ಏನ್ರಿ? ಮಷೀನಿಗಿ ನೀವೂ ಒಂದು ಕುರಿನ!" ಬೈದೇಬಿಟ್ಟೆ.

"ಅಗಬಾಯಿ, ನಾ ಕುರಿ ಅಂತ!" ಸೆರಗು ಬಾಯಿಗೆ ಹಿಡಿದು ನಕ್ಕಳು. ಬರುವಾಗ ನೋಡಿದೆ, ಪೆಟ್ಟಿಗೆಯ ನೆತ್ತಿಗೆ ಭಂಡಾರ, ದೇವರ ಅರಿಶಿನಪುಡಿ, ಹಚ್ಚಿದ್ದಾಳೆ. ಸದ್ಯ, ಅಂಕಿ ಕಾಣುವ ಗಾಜಿಗೆ ಹಚ್ಚಿಲ್ಲ.

೧೫ ಫೆಬ್ರವರಿ, ಶನಿವಾರ

ಮಷೀನಿನ ಎಣಿಕೆ ಸಿಕ್ಕಿತು. ಖರೇ ಎಣಿಕೆ ಎಲ್ಲಿಂದ ತರಲಿ? ನಾನೇ ಬೆರಳು ಮಾಡಿ ಎಣಿಸಲು ಹೋದೆ, ಮಾವಶಿ ಕೈಗೆ ಹೊಡೆದಳು.

ದಾರಿ ಕಾಕಾನೇ ಹೇಳಿದ. "ನಾ ಎಣಸೂದಿಲ್ಲ. ಒಳಗ ಬರೂ ಮುಂದ ಒಂದೊಂದರ ಹೆಸರ ಹೇಳತೀನಿ. ನೀ ಬರಕೋ. ಹೆಸರ ಹಿಡದ ಕರದ್ರ ಯಾರ ದೃಷ್ಟಿನೂ ತಾಗಾಂಗಿಲ್ಲ."

ಸಂಜೆ ಧೂಳಿನಲ್ಲಿ ಹಿಂಡು ಬಂತು. ಕಾಕಾ ಸಂದಿಯ ಬದಿಗೆ ಕೋಲೂರಿ ನಿಂತು ಶುರು ಮಾಡಿದ. ಬಿಳಿಕಿವಿ. ಸೊಟ್ಟಕೊಂಬಿ. ಕರಿಮೂತಿ. ಜತ್ತಿನಾಕಿ. ಸಣ್ಣ ಜತ್ತಿನಾಕಿ. ಕೆಮ್ಮಾಕಿ. ನನಗೆ ಎಲ್ಲವೂ ಒಂದೇ ಮುಸುಡಿ. ಹೆಸರಿಗೊಂದು ಗೀಟು ಎಳೆದೆ. ಕೊನೆಗೆ ಗೀಟು ಕೂಡಿಸಿದೆ, ಮನಸ್ಸಿನಲ್ಲೇ. ೧೪೧. ಕಲ್ಲು ಹತ್ತಿ ಬಗ್ಗಿ ಬಟ್ಟೆ ಎತ್ತಿದೆ. ೧೪೧!

ಕುಣಿಯಬೇಕು ಅನ್ನಿಸಿತು. ಯಾರಿಗೂ ಹೇಳುವಂತಿಲ್ಲ.

೨೧ ಫೆಬ್ರವರಿ, ಶುಕ್ರವಾರ

ರೀಡಿಂಗಿನ ಏಳು ಸಾಲು ಆಯಿತು. ಎರಡು ಸಲ ಒಂದೊಂದು ತಪ್ಪು, ಎರಡು ಕುರಿ ಮೈಗೆ ಮೈ ಹಚ್ಚಿ ನುಗ್ಗಿದಾಗ. ಸಂದಿಯನ್ನು ಇನ್ನೂ ಇರುಕು ಮಾಡಿದೆ. ಈಗ ಸರಿ.

ಒಂದು ಕುರಿಯ ಗುರುತು ನನಗೂ ಸಿಕ್ಕಿದೆ. ಕರಿಮೂತಿ. ತಾಯಿ ಸತ್ತ ಮರಿ, ಮಾವಶಿ ಬಾಟ್ಲಿ ಹಾಲು ಕುಡಿಸಿ ಸಾಕಿದ್ದು. ಸೀದಾ ಬಂದು ನನ್ನ ಓಢಣಿ ಅಗಿಯುತ್ತದೆ. ಈಗ ಗಬ್ಬ. "ಚೈತ್ರಕ್ಕ ಈಯತಾಳ. ಎರಡ ಮರಿ ಇದ್ದಂಗ ಕಾಣತದ," ಅಂತ ಮಾವಶಿ ಅದರ ಹೊಟ್ಟೆ ಸವರುತ್ತಾಳೆ.

ಪ್ರಬಂಧದ ಸಮಾರೋಪ ಬರೆದು ಸರ್‌ಗೆ ತೋರಿಸಿದೆ. ಕೊನೆಯ ವಾಕ್ಯ ನನಗೇ ಇಷ್ಟವಾಯಿತು — ಈ ವ್ಯವಸ್ಥೆಯಿಂದ ಕುರಿಗಾರನ ಕಣ್ಣಳತೆಯ ಅಗತ್ಯ ಉಳಿಯುವುದಿಲ್ಲ. ಸರ್ ಪೆನ್ಸಿಲಿನಿಂದ 'ಗುಡ್' ಅಂತ ಬರೆದರು.

೫ ಮಾರ್ಚ್, ಬುಧವಾರ. ರಾತ್ರಿ ೮, ಮನೆ

ಸೋಲಾಪುರದ ಬಸ್ಸು ಲೇಟು. ಹಟ್ಟಿ ಮುಟ್ಟುವಾಗ ಅರ್ಧ ಹಿಂಡು ಒಳಗೆ ಹೋಗಿಯಾಗಿತ್ತು. ಗೀಟು ಎಳೆಯಲಾಗಲಿಲ್ಲ. ಕಾಕಾನ ಕಾಲಿಗೆ ಮುಳ್ಳು ನಟ್ಟು ಬಾತಿದೆ, ಕಲ್ಲಿನ ಮೇಲೆ ಕುಂತು ಹೆಸರು ಹೇಳುತ್ತಿದ್ದ. ಕೊನೆಗೆ, "ಕರಿಮೂತಿ ಕಾಣಲಿಲ್ಲಲ್ಲ," ಅಂದ.

ಅಷ್ಟರಲ್ಲಿ ರಸ್ತೆ ಕೂಡುವ ಫಾಟಾ ಕಡೆಯಿಂದ ಬಸ್ಸಿನ ಹಾರ್ನು. ಅಕ್ಕಲಕೋಟಕ್ಕೆ ಅದೇ ಕೊನೆಯದು. ಓಡಿಹೋಗಿ ಬಟ್ಟೆ ಎತ್ತಿದೆ. ಹೋದದ್ದು ೧೪೧, ಬಂದದ್ದು ೧೪೧. ಆರಿಸಿ ಬಂದೆ. "ಎಲ್ಲಾ ಬಂದಾವರಿ ಕಾಕಾ. ಒಳಗ ಎಲ್ಲ್ಯಾರ ಇರತಾಳ. ಮಷೀನ್ ಸುಳ್ಳ ಹೇಳಾಂಗಿಲ್ಲ."

"ಹೌದೇನು," ಅಂದ. ಹನ್ನೂರ ದಾರಿ ಕಡೆ ಒಮ್ಮೆ ನೋಡಿದ. ಮತ್ತೆ ಕಾಲು ನೀವಿಕೊಂಡು ಕುಂತ.

ಬಸ್ಸು ಸಿಕ್ಕಿತು. ನನ್ನ ಚಪ್ಪಲಿಗೆ ಮೆತ್ತಿದ ಹಿಕ್ಕೆಯ ವಾಸನೆಗೆ ಪಕ್ಕದ ಸೀಟಿನವಳು ಮೂಗು ಮುಚ್ಚಿಕೊಂಡಳು. ಮುಚ್ಚಿಕೊಳ್ಳಲಿ. ಹದಿನೇಳನೇ ಸಾಲು ಆಯಿತು. ನೂರಕ್ಕೆ ನೂರು.

೭ ಮಾರ್ಚ್, ಶುಕ್ರವಾರ

ಕರಿಮೂತಿ ಹೋಯಿತು.

ನಿನ್ನೆ ಕಾಲೇಜಿನಲ್ಲಿ ಸೆಮಿನಾರ್, ಹಟ್ಟಿಗೆ ಹೋಗಿರಲಿಲ್ಲ. ಇವತ್ತು ಹೋದರೆ ಮಾವಶಿ ಹೊರಗೇ ಬರಲಿಲ್ಲ. ಕಾಕಾ ಹೇಳಿದ. ಬುಧವಾರ ಅದು ಹಿಂಡಿನ ಜೊತೆ ಬಂದೇ ಇರಲಿಲ್ಲ. ಹನ್ನೂರ ದಾರಿಯ ಹಳ್ಳದಲ್ಲಿ ಹಿಂದೆ ಉಳಿದಿತ್ತು. ಮರುದಿನ ಮುಂಜಾನೆ ಕುಂಟುತ್ತ ಹೋಗಿ ನೋಡಿದಾಗ ತೋಳ ತಿಂದು ಉಳಿಸಿದ್ದು ಸಿಕ್ಕಿತು. ಹೊಟ್ಟೆಯಲ್ಲಿ ಮಾವಶಿ ಹೇಳಿದಂತೆ ಎರಡು ಮರಿ ಇದ್ದವಂತೆ.

ನನ್ನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. "ಮಜ್ಜಿಗಿ ಕುಡಿ, ಬಿಸಲಾಗ ಬಂದಿ," ಅಂದ.

ಮಷೀನು ೧೪೧ ಅಂದಿತ್ತು. ನಾನು ನನ್ನ ಕಣ್ಣಾರೆ ನೋಡಿದ್ದೇನೆ.

೧೧ ಮಾರ್ಚ್, ಮಂಗಳವಾರ. ಲ್ಯಾಬು

ಮೂರು ದಿನದಿಂದ ಪ್ರೋಗ್ರಾಮಿನ ಒಂದೊಂದು ಸಾಲು ಓದುತ್ತಿದ್ದೇನೆ. ತಪ್ಪಿಲ್ಲ. ರಟ್ಟಿನ ತುಂಡು ಹಿಡಿದು ಐನೂರು ಸಲ ಗೆರೆ ಕಡಿದೆ. ಐನೂರೇ ಬಂತು. ಸೋಲ್ಡರ್ ನೋಡಿದೆ, ಬ್ಯಾಟರಿ ನೋಡಿದೆ. ಬೇಡವಾದಾಗ ಬರುವ ತಪ್ಪು ಹುಡುಕಿದರೆ ಸಿಗುವುದಿಲ್ಲ.

ಸರ್ ಬಂದರು. ಹೇಳಿದೆ.

"ನೂರಾ ನಲವತ್ತೊಂದರಾಗ ಒಂದು. ಪಾಯಿಂಟ್ ಏಳು ಪರ್ಸೆಂಟ್. ಟಾಲರೆನ್ಸ್ ಒಳಗ ಅದ. ಅಳೂದ್ಯಾಕ?"

"ಸರ್, ಅದು ಒಂದಲ್ಲರಿ. ಅದು ಕರಿಮೂತಿ."

ಸರ್ ನನ್ನ ಮುಖ ನೋಡಿದರು. ಕನ್ನಡಕ ತೆಗೆದು ಒರೆಸಿದರು. "ಮನಿಗಿ ಹೋಗು. ಎರಡ ದಿನ ನಿದ್ದಿ ಮಾಡು."

೧೬ ಮಾರ್ಚ್, ರವಿವಾರ

ತಪ್ಪು ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು.

ಸಂಜೆ ಹಿಂಡು ಒಳಗೆ ಹೋಯಿತು. ಕಾಕಾ ಹೆಸರು ಹೇಳಿದ, ಗೀಟು ಎಳೆದೆ. ೧೪೦. ಕಲ್ಲು ಹತ್ತಿ ಬಗ್ಗಿ ಓದಿದೆ, ೧೪೦. ಸರಿಯಾಗಿದೆ. ಮುಚ್ಚುವಾಗ ಗಾಳಿಗೆ ಬಟ್ಟೆ ಹಾರಿ ಒಳಗೆ ಬಿತ್ತು. ಇಳಿದು, ಏನೋ ಯೋಚನೆಯಲ್ಲಿ, ಸಂದಿಯಲ್ಲೇ ಹೋಗಿ ಎತ್ತಿಕೊಂಡೆ. ಹೊದಿಸಲು ಹೋದರೆ ಅಂಕಿ ೧೪೧.

ಅಲ್ಲೇ ನಿಂತೆ. ಕಾಲ ಬಳಿ ಹಿಕ್ಕೆ. ಚಪ್ಪಲಿ ನೋಡಿಕೊಂಡೆ.

ಆ ಬುಧವಾರ ಬಸ್ಸಿನ ಹಾರ್ನು ಕೇಳಿ ಕಲ್ಲು ಹತ್ತಲು ಪುರುಸೊತ್ತಿಲ್ಲದೆ ಸಂದಿಯಲ್ಲಿ ನುಗ್ಗಿದವಳು ನಾನು. ಒಳಗೆ ನಿಂತು ಓದಿದವಳು ನಾನು. ಒಳಗೆ ನಿಂತೇ ಆರಿಸಿದೆ, ಅಂಕಿ ಅಳಿಸಿಹೋಯಿತು. ಕುರಿ ಬಂದದ್ದು ೧೪೦. ಮಷೀನು ನನ್ನನ್ನೂ ಸೇರಿಸಿ ಎಣಿಸಿತು. ಮಷೀನು ಸುಳ್ಳು ಹೇಳಿರಲಿಲ್ಲ.

ನಿಯಮ ಮಾಡಿದವಳು ನಾನೇ. ಮಾವಶಿಗೆ ಬೈದವಳೂ ನಾನೇ.

"ಯಾಕ ತಂಗಿ, ಹಾವ ಕಂಡಿ ಏನು?" ಅಂದ ಕಾಕಾ ಬೇಲಿಯ ಆಚೆಯಿಂದ. ಏನೂ ಇಲ್ಲ ಅಂದೆ. ಹೇಡಿ. ಬಸ್ಸು ಹಿಡಿದು ಬಂದುಬಿಟ್ಟೆ.

೧೯ ಮಾರ್ಚ್, ಬುಧವಾರ

ಸರ್‌ಗೆ ಹೇಳಿದೆ. ಪೂರ್ತಿ ಕೇಳಿ ಅವರಿಗೆ ಸಮಾಧಾನವೇ ಆಯಿತು.

"ಆಪರೇಟರ್ ಎರರ್! ಸಿಸ್ಟಮ್ ಛಲೋ ಅದ. ಆ ಸಾಲ ತಗದ ಒಗಿ, ಇನ್ನೊಂದ ರೀಡಿಂಗ್ ತಗೋ."

"ತಗದ್ರ ಸುಳ್ಳಾಗತದ ಸರ್. ಕುರಿಗಾರನ ಕಣ್ಣ ಬೇಕಿಲ್ಲ ಅಂತ ಬರದೀನಿ. ಅವತ್ತ ಅಂವಾ ಸರಿ ಹೇಳಿದ್ದ. ನಾ ತಪ್ಪ ಹೇಳಿದೆ."

"ಹಂಗ ಬರದ್ರ ಏನಾಗತದ ಗೊತ್ತದ ಏನು? ಎಕ್ಸ್‌ಟರ್ನಲ್ ಎಕ್ಸಾಮಿನರ್ ಅದನ್ನ ಹಿಡದ ಜಗ್ಗತಾನ. ಬಾಗಲದಾಗ ಮನುಷ್ಯಾ ಬಂದ್ರ ಗುರುತ ಹಿಡಿಯಾಕ ಬರೂದಿಲ್ಲ, ಮತ್ತ ಆರ ತಿಂಗಳ ಮಾಡು ಅಂತಾನ. ನಿನ್ನ ಇಂಟರ್‌ವ್ಯೂ ಹೋತು."

ಕೆಟ್ಟ ಮನುಷ್ಯನಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದ್ದು. ಯೋಚಿಸಿ ಹೇಳುತ್ತೇನೆ ಅಂದೆ. ಕೆಲಸ ಬೇಕು ನನಗೆ. ಬಹಳ ಬೇಕು. ಅದನ್ನು ಇಲ್ಲಿಯಾದರೂ ಮುಚ್ಚಿಡುವುದಿಲ್ಲ.

ಮನೆಯಲ್ಲಿ ಆಜಿ ಮುಂದೆ ಅತ್ತೆ. ಗೋದೂಬಾಯಿ ಆಜಿಗೆ ಎಂ.ಇ. ಗೊತ್ತಿಲ್ಲ, ಎಕ್ಸ್‌ಟರ್ನಲ್ ಗೊತ್ತಿಲ್ಲ. ಅವರೆಕಾಯಿ ಬಿಡಿಸುತ್ತ ಪೂರ್ತಿ ಕೇಳಿದಳು. "ಪುಸ್ತಕದಾಗ ಬರಿಯೂದ ಆಮ್ಯಾಲ ನೋಡೂಣು, ಪೋರಿ. ಕುರಿ ಹೋಗಿದ್ದು ಯಾರ ಮನ್ಯಾಗ? ಮೊದಲ ಅವರ ಮುಂದ ಬಾಯಿ ಬಿಡು."

೨೩ ಮಾರ್ಚ್, ರವಿವಾರ

ಹೇಳಿದೆ. ಇಬ್ಬರೂ ಇದ್ದರು. ಸಂದಿಯಲ್ಲಿ ಹೋಗಿ ಬಂದು ಅಂಕಿ ಏರುವುದನ್ನೂ ತೋರಿಸಿದೆ. ಅಂಕಿ ಹೇಳಲಿಲ್ಲ, ಬರೇ ತೋರಿಸಿದೆ.

ಮಾವಶಿ ಬಹಳ ಹೊತ್ತು ಪೆಟ್ಟಿಗೆ ನೋಡಿದಳು. "ಅವತ್ತ ನನಗ ಕುರಿ ಅಂದಿದ್ದಿ," ಅಂದಳು. ನಗಲಿಲ್ಲ.

ನೆಲ ನೋಡುತ್ತ ನಿಂತೆ. "ನೀವ ಎಣಿಸಬ್ಯಾಡ ಅಂದ್ರಿ ಮಾವಶಿ. ಕೇಳಲಿಲ್ಲ ನಾ."

"ಎಣಿಸಿದ್ದಕ್ಕ ಹೋತು ಅನ್ನಾಂಗಿಲ್ಲ ನಾ. ಎಣಿಸಿ, ನೋಡೂದ ಬಿಟ್ರಿ. ಅದಕ್ಕ ಹೋತು." ನನ್ನ ಕಡೆ ಅಲ್ಲ, ಗಂಡನ ಕಡೆ ತಿರುಗಿ ಹೇಳಿದಳು.

ಕಾಕಾ ತಲೆ ತಗ್ಗಿಸಿದ. "ನನಗ ಗೊತ್ತಿತ್ತು, ತಂಗಿ. ಅಕಿ ಬಂದಿಲ್ಲ ಅಂತ ಕಣ್ಣಿಗಿ ಗೊತ್ತಿತ್ತು. ಕಾಲ ನೋವಿದ್ರೂ ಹೋಗತಿದ್ದೆ. ಖರೇ ನೀ ಇಷ್ಟ ಸಾಲಿ ಕಲತಾಕಿ, ಬಂದಾವ ಅಂದಿ. ನಿನ್ನ ಮುಂದ ಇಲ್ಲ ಅನ್ನಾಕ ನನಗ ನಾಚಿಕಿ ಆತು."

ಮೂವತ್ತೈದು ವರ್ಷ ಕುರಿ ಕಾಯ್ದವನು ನನ್ನ ಮುಂದೆ ನಾಚಿಕೊಂಡ. ನಾನು ಅವತ್ತು ಬಸ್ಸಿಗೆ ಓಡಿದೆ.

ಮಷೀನು ಕಿತ್ತುಕೊಂಡು ಹೋಗುತ್ತೇನೆ ಅಂದೆ. ಮಾವಶಿ ಗದರಿದಳು. "ಎಷ್ಟ ದಿನದ್ದ ಉಳದದ? ಐದ? ಮುಗಿಸಿ ಹೋಗು. ಹಿಡದ ಕೆಲಸ ಅರ್ಧಕ್ಕ ಬಿಡಬಾರದು."

ಹಿಂಡು ಬಂತು. ಕಾಕಾ ಹೆಸರು ಶುರು ಮಾಡಿದ. ಬಿಳಿಕಿವಿ. ಸೊಟ್ಟಕೊಂಬಿ. ಕರಿಮೂತಿ.

ನನ್ನ ಪೆನ್ನು ನಿಂತಿತು. ಮರೆತು ಅಂದನೇನೋ ಅಂದುಕೊಂಡೆ. ಮರೆತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ಬರಕೋ," ಅಂದ.

"ಅಕಿ ಬರಲಿಲ್ಲರಿ, ಕಾಕಾ."

"ಬರಲಿಲ್ಲ ಅಂತನ ಬರಕೋ."

೩೦ ಮಾರ್ಚ್, ರವಿವಾರ. ಸಂಜೆ ೫, ಮನೆ

ಮೂವತ್ತು ಸಾಲು ಮುಗಿದವು. ಶುಕ್ರವಾರ ಪೆಟ್ಟಿಗೆ ಬಿಚ್ಚಿಕೊಂಡು ಬಂದೆ. ನೆತ್ತಿಯ ಭಂಡಾರ ಒರೆಸಿಲ್ಲ.

ಸರ್ ಸಹಿ ಮಾಡಿದರು. ಮಾಡುವ ಮೊದಲು ಸಮಾರೋಪ ಎರಡು ಸಲ ಓದಿದರು. ಕಣ್ಣಳತೆ ಬೇಕಿಲ್ಲ ಎಂಬ ವಾಕ್ಯ ಹೊಡೆದುಹಾಕಿದ್ದೇನೆ. ಅದರ ಜಾಗದಲ್ಲಿ ಬರೆದದ್ದು — ಎಷ್ಟು ಬಂದವು ಎಂದು ಈ ಯಂತ್ರ ಹೇಳಬಲ್ಲದು, ಯಾರು ಬರಲಿಲ್ಲ ಎಂದು ಹೇಳಲಾರದು. ಕುರಿಗಾರ ಇಲ್ಲ ಎಂದರೆ ಯಂತ್ರದ ಮಾತು ಕೇಳದೆ ಹುಡುಕಬೇಕು. ಇಂಗ್ಲಿಷಿನಲ್ಲಿ ಇಷ್ಟು ಖಾರವಾಗಿ ಕೇಳುವುದಿಲ್ಲ. ಹದಿನೇಳನೇ ಸಾಲು ಇದ್ದಲ್ಲೇ ಇದೆ.

"ಜವಾಬ್ದಾರಿ ನಿಂದು," ಅಂದರು ಸರ್. ಆಮೇಲೆ ಬಾಗಿಲವರೆಗೆ ಬಂದು, "ವೈವಾದಾಗ ನಾ ಬಾಜೂಕ ಕುಂತಿರತೀನಿ," ಅಂದರು.

ಆರು ತಿಂಗಳು ಹೋದರೆ ಹೋಯಿತು. ಅಪ್ಪನಿಗೆ ಹೇಳಿದೆ. ಅಪ್ಪ ಚಹಾ ಮಾಡಿಕೊಟ್ಟರು.

ನಾಳೆ ಮುಂಜಾನೆ ಸೋಲಾಪುರದಲ್ಲಿ ಟೈಪಿಸ್ಟನಿಗೆ ಕೊನೆಯ ಪುಟ ಕೊಡಬೇಕು. ಒಂದೇ ಒಂದು ಜಾಗ ಖಾಲಿ ಉಳಿದಿದೆ. ಹದಿನೇಳನೇ ಸಾಲಿನ ಷರಾ. ಹೋದದ್ದು ೧೪೧. ಮಷೀನಿನ ಪ್ರಕಾರ ಬಂದದ್ದು ೧೪೧. ಖರೇ ಬಂದದ್ದು ೧೪೦. ವ್ಯತ್ಯಾಸಕ್ಕೆ ಕಾರಣ ಬರೆಯಬೇಕು. 'ಆಪರೇಟರ್ ಎರರ್' ಅಂತ ಎರಡು ಸಲ ಬರೆದು ಎರಡು ಸಲ ಹೊಡೆದೆ. ಆಪರೇಟರ್ ಯಾರು ಅಂತ ಅದರಲ್ಲಿ ಗೊತ್ತಾಗುವುದಿಲ್ಲ. ಇಂಗ್ಲಿಷು ಬರುತ್ತಿಲ್ಲ. ಮೊದಲು ಇಲ್ಲಿ ಕನ್ನಡದಲ್ಲಿ ಬರೆದು ನೋಡುತ್ತೇನೆ.

ಷರಾ: ಒಳಗೆ ಬಂದ ಕುರಿ ನೂರ ನಲವತ್ತು. ಕರಿಮೂತಿ ಬರಲಿಲ್ಲ. ನೂರ ನಲವತ್ತೊಂದನೆಯದು ನಾನು.